ಬಿಸಿಗಾಳಿಯ ಗುಂಡಿ

ಒಲಿಂಕಾಳಿಗೆ ಚಿಕ್ಕಂದಿನಿಂದಲೂ ಒಂದು ಚಾಳಿ. ಏನು ಕಂಡರೂ ಅದು ಹಾಗೇಕೆ ಎಂದು ಕೇಳದೆ ಬಿಡುತ್ತಿರಲಿಲ್ಲ. ಪಾದ್ರಿಯವರ ಧೂಪದಾನಿಗೆ ಗೆಜ್ಜೆ ಯಾಕೆ ಎಂದು ಪ್ರಾರ್ಥನೆಯ ನಡುವೆಯೇ ಕೇಳಿ ಅಜ್ಜಿಯಿಂದ ತೊಡೆ ಚಿವುಟಿಸಿಕೊಂಡವಳು ಅವಳು. ದೊಡ್ಡವಳಾಗಿ ಊರಿನ ಶಾಲೆಯಲ್ಲಿ ಅಡುಗೆಗೆ ನಿಂತಳು, ಮೂವರು ಮೊಮ್ಮಕ್ಕಳನ್ನು ಕಂಡಳು. ಚಾಳಿ ಮಾತ್ರ ಹೋಗಲಿಲ್ಲ.

ಅವಳ ತಮ್ಮ ಎವಾನ್‌ನ ಬಳಿ ನಾಲ್ಕು ಸೀಟಿನ ಹಳೆಯ ವಿಮಾನವಿತ್ತು. ಅಲಾಸ್ಕಾದ ಆ ಜೌಗುನಾಡಿನಲ್ಲಿ ಬೇಸಿಗೆಗೆ ಹೊಳೆಯೇ ದಾರಿ, ಚಳಿಗಾಲಕ್ಕೆ ಹೆಪ್ಪುಗಟ್ಟಿದ ಹೊಳೆ, ಅವಸರವಾದರೆ ಆಕಾಶ. ಉಳಿದ ನೆಂಟರು ಹಿಂದೆ ಕುಳಿತು ತೂಕಡಿಸುತ್ತಿದ್ದರು. ಒಲಿಂಕಾಳಿಗೆ ಮುಂದಿನ ಸೀಟೇ ಆಗಬೇಕು.

"ಈ ಗುಂಡಿ ಯಾತಕ್ಕೋ?" ಎಂದು ಒಮ್ಮೆ ಕೇಳಿದ್ದಳು.

"ಬಿಸಿಗಾಳಿಗೆ ಕಣಕ್ಕಾ. ಎಳೆದ್ರೆ ಬರುತ್ತೆ, ಒತ್ತಿದ್ರೆ ನಿಲ್ಲುತ್ತೆ."

"ಒಲೆ ಎಲ್ಲಿಟ್ಟಿದ್ದೀಯ ಹಾಗಾದ್ರೆ?"

"ಒಲೆ ಎಲ್ಲಿಂದ ತರ್ಲಿ? ಇಂಜಿನ್ ಹೊಗೆ ಹೋಗೋ ಕೊಳವೆ ಕೆಂಡದ ಹಾಗೆ ಕಾದಿರುತ್ತೆ. ಅದರ ಸುತ್ತ ಗಾಳಿ ಹಾಯಿಸಿ ಒಳಗೆ ಬಿಡೋದು."

"ಕೊಳವೆ ತೂತಾದ್ರೆ?"

"ನಿನ್ನ ಬಾಯಿಗೆ ಒಣಮೀನು ತುರುಕ್ಬೇಕು ನೋಡು" ಎಂದು ಎವಾನ್ ನಕ್ಕಿದ್ದ.

ಆ ವರ್ಷದ ಕಡುಚಳಿಯಲ್ಲಿ ಹೊಳೆಯ ಕೆಳಗಿನ ಊರಿನಲ್ಲಿದ್ದ ತಂಗಿ ನಸ್ತಾಸಿಯಾಳ ಮೊಮ್ಮಗುವಿಗೆ ಜ್ಞಾನಸ್ನಾನವಿತ್ತು. ಅಕ್ಕ ತಮ್ಮ ಇಬ್ಬರೇ ಹೊರಟರು. ಹಿಂದಿನ ಸೀಟಿನಲ್ಲಿ ಸಾಲ್ಮನ್ ಮೀನಿನ ಮೂಟೆ, ಪೆಟ್ಟಿಗೆಯೊಳಗೆ ತಂಗಿಯ ಮನೆಗೆಂದು ಒಂದು ನಾಯಿಮರಿ. ಮೇಲೇರಿದಾಗಿನಿಂದ ಮರಿ ಒಂದೇ ಸಮ ಅಳುತ್ತಿತ್ತು. ಎವಾನ್ ಬಿಸಿಗಾಳಿಯ ಗುಂಡಿಯನ್ನು ಪೂರ್ತಿ ಎಳೆದ.

ಸ್ವಲ್ಪ ಹೊತ್ತಿಗೆ ಒಲಿಂಕಾಳ ಹಣೆಯಲ್ಲಿ ನೋವು ಶುರುವಾಯಿತು. ಬೆಳಗ್ಗೆ ಚಹಾ ಕುಡಿಯದೆ ಬಂದದ್ದಕ್ಕೆ ಇರಬೇಕೆಂದುಕೊಂಡಳು.

"ಅಕ್ಕಾ, ಉಡುಗೊರೆ ತಂದಿದ್ದೀಯಾ?" ಎಂದ ಎವಾನ್.

"ತಂದಿದ್ದೀನಿ."

ಹೊಳೆಯ ತಿರುವು ಹಿಂದೆ ಹೋಯಿತು. ಎವಾನ್ ತಿರುಗಿಸಲಿಲ್ಲ. ಎಡಕ್ಕೆ ಇರಬೇಕಾದ ಬೋಳುಗುಡ್ಡ ಬಲಕ್ಕೆ ಕಂಡಿತು. ಇವನೇನು ಹೊಸ ದಾರಿ ಹಿಡಿದನೇ ಎಂದು ಅವಳು ಯೋಚಿಸುತ್ತಿರುವಾಗಲೇ ಅವನು ಆಕಳಿಸಿ ಕೇಳಿದ: "ಉಡುಗೊರೆ ತಂದಿದ್ದೀಯಾ ಅಕ್ಕಾ?"

ಒಲಿಂಕಾ ಅವನ ಮುಖ ನೋಡಿದಳು. ಕಣ್ಣುಗಳು ಕುಡಿದವನ ಕಣ್ಣುಗಳಂತಿದ್ದವು, ಆದರೆ ಎವಾನ್ ಕುಡಿಯುವವನಲ್ಲ. ಆಗ ಅವಳಿಗೆ ಇನ್ನೊಂದು ಹೊಳೆಯಿತು. ನಾಯಿಮರಿ ಯಾವಾಗ ಸುಮ್ಮನಾಯಿತು? ತಿರುಗಿ ಪೆಟ್ಟಿಗೆಗೆ ಕೈಹಾಕಿ ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತು. ತನಗೆ ತಲೆನೋವು, ತಮ್ಮನಿಗೆ ಮಂಪರು, ಮರಿಗೆ ಎಚ್ಚರವೇ ಇಲ್ಲ. ಮೂವರೂ ಹಂಚಿಕೊಂಡದ್ದು ಆ ಬಿಸಿಗಾಳಿಯೊಂದನ್ನೇ. ವಾಸನೆಯೇನೂ ಇರಲಿಲ್ಲ, ಆದರೂ ಕೈ ತಾನಾಗಿ ಮುಂದೆ ಹೋಗಿ ಗುಂಡಿಯನ್ನು ಒತ್ತಿತು. ಪಕ್ಕದ ಕಿಟಕಿ ತೆರೆದಳು. ಗಾಳಿ ಚಾಕುವಿನಂತೆ ನುಗ್ಗಿತು.

"ಏನೇ ಮಾಡ್ತಿದ್ದೀಯಾ, ಸಾಯ್ತೀವಿ ಚಳಿಗೆ" ಎಂದು ಎವಾನ್ ತೊದಲಿದ.

"ಚಳಿಗೆ ಆಮೇಲೆ ಸಾಯೋಣ. ನಿನ್ನ ಕಡೆ ಕಿಟಕೀನೂ ತೆಗಿ. ಹೊಗೆ ಒಳಗೆ ಬರ್ತಿದೆ ಕಣೋ."

ಅವನ ತಲೆ ವಾಲುವುದು ಕಂಡು ಒಲಿಂಕಾ ಪ್ರಶ್ನೆಗಳ ಮಳೆಗರೆದಳು. ಈ ಮುಳ್ಳು ಏನು ಹೇಳುತ್ತೆ? ಎತ್ತರ ಎಷ್ಟು? ಆ ಕೆರೆಯ ಮಂಜುಗಡ್ಡೆ ನಮ್ಮ ಭಾರ ತಡೆಯುತ್ತಾ? ಉತ್ತರ ತಡವಾದರೆ ಭುಜಕ್ಕೊಂದು ಗುದ್ದು. ಅಷ್ಟು ಹೊತ್ತಿಗೆ ಎವಾನ್‌ನ ಕಣ್ಣುಗಳು ಸ್ವಲ್ಪ ತಿಳಿಯಾದವು. ಅವನು ಇಳಿಸಿದ ವಿಮಾನ ಹೆಪ್ಪುಗಟ್ಟಿದ ಕೆರೆಯ ಮೇಲೆ ಎರಡು ಸಲ ಪುಟಿದು, ಚಕ್ರಗಳ ಬದಲಿಗಿದ್ದ ಜಾರುಹಲಗೆಗಳ ಮೇಲೆ ಜಾರಿ, ಜೊಂಡಿನ ಹತ್ತಿರ ಓರೆಯಾಗಿ ನಿಂತಿತು. ಇಬ್ಬರೂ ಇಳಿದು ಹಿಮದ ಮೇಲೆ ವಾಂತಿ ಮಾಡಿಕೊಂಡರು. ಒಲಿಂಕಾ ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬೆನ್ನು ತಿಕ್ಕುತ್ತಾ ಕುಳಿತಳು. ಬಹಳ ಹೊತ್ತಿನ ಮೇಲೆ ಅದು ಸೀನಿತು.

ರೇಡಿಯೋದಲ್ಲಿ ಎವಾನ್‌ನ ಕರೆ ಕೇಳಿ ಹತ್ತಿರದ ಊರಿನವರು ಹಿಮಬಂಡಿಗಳಲ್ಲಿ ಬಂದು ಕರೆದೊಯ್ದರು. ಜ್ಞಾನಸ್ನಾನ ಮರುದಿನಕ್ಕೆ ಮುಂದೆ ಹೋಯಿತು. ಆಮೇಲೆ ಬಂದ ಮೆಕ್ಯಾನಿಕ್ ಹೊಗೆಕೊಳವೆ ಬಿಚ್ಚಿ ಬಿರುಕು ತೋರಿಸಿದ. ಕೂದಲೆಳೆಯಷ್ಟು ಸಣ್ಣದು, ವಾಸನೆಯಿಲ್ಲದ ವಿಷಗಾಳಿ ನುಸುಳಲು ಅಷ್ಟೇ ಸಾಕಾಗಿತ್ತು. ಒಲಿಂಕಾ ಉಗುರಿನಿಂದ ಸವರಿ, "ಇಷ್ಟೇನಾ?" ಎಂದಳು.

"ನೀನು ಕೇಳಿದಾಗಲೇ ಬಿಚ್ಚಿ ನೋಡ್ಬೇಕಿತ್ತು" ಎಂದ ಎವಾನ್, ಅವಳ ಮುಖ ನೋಡದೆ.

"ಈಗ ನೋಡಿದೆಯಲ್ಲ, ಬಿಡು."

ಎವಾನ್ ಹೊಸ ಕೊಳವೆ ಹಾಕಿಸಿದ. ವಿಷಗಾಳಿ ಬಂದರೆ ಕೂಗುವ ಪುಟ್ಟ ಯಂತ್ರವೊಂದನ್ನು ಮುಂದೆ ಅಂಟಿಸಿದ. ಸುದ್ದಿ ಹರಡಿ ಬೇರೆಯವರೂ ಅಂಥದ್ದನ್ನು ತರಿಸಿದರು. ಒಲಿಂಕಾ ಭಾನುವಾರಗಳಲ್ಲಿ ಪೂಜೆ ಮುಗಿದ ಮೇಲೆ ಹೆಂಗಸರನ್ನು ಆ ವಿಮಾನದೊಳಗೆ ಕೂರಿಸಿ ಬಾಗಿಲು, ಕಿಟಕಿ, ಗುಂಡಿ ತೋರಿಸತೊಡಗಿದಳು. ಮೊದಮೊದಲು ಅವರು ನಕ್ಕರು. ಒಂದು ದಿನ ಮುದುಕಿ ಮ್ಯಾಟ್ರೋನಾ ಬೆಲ್ಟು ಬಿಗಿದುಕೊಂಡು ಹಿಂದಿನ ಸೀಟಿನಲ್ಲಿದ್ದ ಮೂಟೆ ನೋಡಿ ಕೇಳಿದಳು: "ಅಲ್ವೇ, ಹಾರ್ತಾ ಇರುವಾಗ ಈ ಮೀನಿನ ಮೂಟೆ ಹಿಂದಕ್ಕೆ ಜಾರಿದ್ರೆ?"

ಒಲಿಂಕಾಳಿಗೂ ಅದು ಗೊತ್ತಾಗಬೇಕಿತ್ತು. ಕೆಳಗಿಳಿದು, ಮೀನುಬಲೆ ಹೊಲಿಯುತ್ತಿದ್ದ ತಮ್ಮನ ಕಡೆ ನಡೆದಳು.