ಟೈಲರಣ್ಣನ ಅಳತೆಯ ರಸ್ತೆ
ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗಿನಿಂದ ನಮ್ಮ ಟೈಲರಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿ ಜೆಸಿಬಿಯವನಿಗೆ ಬುದ್ಧಿ ಹೇಳುತ್ತಾನೆ: “ತಿರುವಿನಲ್ಲಿ ಸ್ವಲ್ಪ ಸಡಿಲ ಬಿಡಪ್ಪಾ, ಬಸ್ಸಿಗೆ ಕಂಕುಳಲ್ಲಿ ಹಿಡಿಯುತ್ತೆ!” ಹೊಂಡ ಮುಚ್ಚಿದರೆ “ಬರೀ ತೇಪೆ” ಎಂದು ಮೂಗು ಮುರಿಯುತ್ತಾನೆ, ಹೊಸ ಡಾಂಬರಿನ ಮೇಲೆ ರೋಲರ್ ಹರಿದರೆ “ಇಸ್ತ್ರಿ ಅಂದ್ರೆ ಇದು!” ಎಂದು ಕುಣಿಯುತ್ತಾನೆ. ಪ್ಯಾಂಟು ಕೇಳಲು ಹೋದವರು ರಸ್ತೆಯ ಸುದ್ದಿ ಹೊತ್ತು ಮರಳುತ್ತಾರೆ. ಎಲ್ಲಿಯವರೆಗೆ ಒಡೆಯಬೇಕೆಂದು ಸರ್ವೆಯವರು ಅವನ ಅಂಗಡಿಯ ನೆಲದ ಮೇಲೇ ಎಳೆದಿದ್ದ ಗೆರೆ, ಗಿರಾಕಿಗಳು ತುಳಿದು ತುಳಿದು ಮಾಸಿತ್ತು. ನಿನ್ನೆ ನೋಡಿದರೆ, ಹೊಲಿಗೆ ಮೆಷಿನ್ನನ್ನು ಪಕ್ಕಕ್ಕೆ ಸರಿಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅದನ್ನು ತಾನೇ ತಿದ್ದುತ್ತಿದ್ದ. “ಅರ್ಧ ಅಂಗಡಿ ಹೋಗುತ್ತಲ್ಲಣ್ಣಾ!” ಎಂದೆ. “ಬೆಳೆಯೋ ಮಗು ಕಣೋ ನಮ್ಮೂರು,” ಎಂದ, “ಒಂದಿಂಚು ಜಾಸ್ತೀನೇ ಬಿಟ್ಟಿದೀನಿ.”