ರಿಪೋರ್ಟ್ ಬರುವ ಮುಂಚೆ

ಇವತ್ತು ಅರಸೀಕೆರೆಯಲ್ಲಿ ಬಸ್ಸು ಹತ್ತಿ ಕೂತಾಗ ಪಕ್ಕದ ಹೆಂಗಸು ಮಗುವಿಗೆಂದು ಸಿರಪ್ಪಿನ ಮುಚ್ಚಳ ತೆಗೆದರು. ಬಾಳೆಹಣ್ಣಿನ ಸುಳ್ಳು ವಾಸನೆ. ನಿಮಗೆ ಅದು ಬರೀ ವಾಸನೆ ಇರಬಹುದು. ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಅಕ್ಕನ ಮಗಳು ಆರು ತಿಂಗಳು ಕುಡಿದ ಔಷಧಿಗೂ ಇದೇ ವಾಸನೆಯಿತ್ತು.

ಎರಡು ವರ್ಷದ ಹಿಂದೆ ಅಕ್ಕ ಬಾಣಂತನಕ್ಕೆ ನಮ್ಮೂರು ಹಾರನಹಳ್ಳಿಗೆ ಬಂದಿದ್ದಳು. ನಾನು ಬ್ಯಾಗಿನಲ್ಲಿ ಚರ್ಚಾಸ್ಪರ್ಧೆಯ ಬಹುಮಾನ, ತುಟಿಯಂಚಿನಲ್ಲಿ ನಾಲ್ಕು ನೀರುಗುಳ್ಳೆ ಹೊತ್ತುಕೊಂಡು ಊರಿಗೆ ಇಳಿದೆ. ನಾಲ್ಕು ದಿನದ ಕೂಸಿಗೆ ಮುತ್ತಿಡಲು ಬಾಗಿದಾಗ ಅಜ್ಜಿ ತಡೆದಳು.

“ಎಳೆಕೂಸಿಗೆ ಬಾಯಿ ತಾಗಿಸ್ಬ್ಯಾಡ ಕಣೇ, ದೃಷ್ಟಿ ಆಯ್ತದೆ.”

“ದೃಷ್ಟಿ ತಾಗೋದು ಕಣ್ಣಿಂದಲೋ ಬಾಯಿಂದಲೋ, ಮೊದಲು ಅದನ್ನ ತೀರ್ಮಾನ ಮಾಡಜ್ಜಿ.”

ಮನೆಯವರೆಲ್ಲ ನಕ್ಕರು. ಗೆದ್ದವಳ ಹಕ್ಕಿನಿಂದ ಎರಡು ಮುತ್ತು ಹೆಚ್ಚೇ ಕೊಟ್ಟೆ.

ಹುಟ್ಟಿದ ಹನ್ನೊಂದನೆಯ ದಿನ ಕೂಸು ಹಾಲು ಬಿಟ್ಟಿತು, ಎಬ್ಬಿಸಿದರೂ ಏಳದು. ನೆತ್ತಿಯ ಮೇಲೆದ್ದ ಗುಳ್ಳೆಗಳಿಗೆ ಅಜ್ಜಿ ಕೆಮ್ಮಣ್ಣು ಹಚ್ಚಿದಳು. ನಾನು ಅದಕ್ಕೂ ವಾದಕ್ಕೆ ನಿಂತೆ. ನಾವಿಬ್ಬರೂ ವಾದಿಸುತ್ತಿರುವಾಗಲೇ ಕೂಸಿನ ಎಡಗೈ ಸಣ್ಣಗೆ ಅದುರತೊಡಗಿತು.

ಹಾಸನದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡಾಕ್ಟರಮ್ಮ ಕೆಮ್ಮಣ್ಣು ಒರೆಸಿ ಗುಳ್ಳೆ ನೋಡಿದರು. “ಮನೇಲಿ ಯಾರಿಗಾದ್ರೂ ತುಟಿ ಮೇಲೆ ಗುಳ್ಳೆ ಆಗಿತ್ತಾ?”

ಅಕ್ಕ ನನ್ನನ್ನು ನೋಡಿದಳು. ಗಂಟೆಗಟ್ಟಲೆ ಮಾತಾಡುವವಳು ಒಂದೇ ಮಾತು ಹೇಳಿದೆ, “ನನಗೆ.”

ಆ ತುಟಿಗುಳ್ಳೆಯದೇ ವೈರಸ್ಸು, ಹರ್ಪಿಸ್ ಇರಬಹುದು, ಮೆದುಳಿಗೂ ಹೋಗಿರಬಹುದು ಎಂದರು. ಬೆನ್ನಿನಿಂದ ತೆಗೆದ ನೀರು ಪರೀಕ್ಷೆಗೆ ಹೋಯಿತು. ಅತ್ತ ಅದು ಹೋಗುತ್ತಿದ್ದಂತೆ ಇತ್ತ ಅದರ ಔಷಧಿ ಅಸೈಕ್ಲೋವಿರ್ ಡ್ರಿಪ್ಪು ಹಾಕಿಸಿದರು.

“ರಿಪೋರ್ಟ್ ಬರದೆ ಹೇಗೆ ಶುರು ಮಾಡ್ತೀರಿ?” ಅಂಥ ಹೊತ್ತಿನಲ್ಲೂ ಕೇಳಿದೆ ನೋಡಿ.

“ಅಲ್ಲ ಅಂತ ಬಂದ್ರೆ ನಿಲ್ಲಿಸ್ತೀನಿ. ಹೌದು ಅಂತ ಬಂದ್ರೆ, ಕಾಯ್ತಾ ಕಳೆದ ಹೊತ್ತನ್ನ ನೀವು ವಾಪಸ್ ಕೊಡಿಸ್ತೀರಾ?”

ಹೌದು ಅಂತಲೇ ಬಂತು. ಇಪ್ಪತ್ತೊಂದು ದಿನ ಡ್ರಿಪ್ಪು, ಆಮೇಲೆ ಆ ಬಾಳೆಹಣ್ಣಿನ ಸಿರಪ್ಪು.

ಇವತ್ತು ಬಸ್ಸಿಳಿದು ಮನೆಗೆ ಬಂದರೆ, ಅಕ್ಕನೊಂದಿಗೆ ಬಂದಿದ್ದ ಮಗಳು ಅಂಗಳದಲ್ಲಿ ಓಡುತ್ತಿದ್ದಳು, ಮುಗ್ಗರಿಸುತ್ತಿದ್ದಳು. ಎರಡು ವರ್ಷದ ಮಕ್ಕಳೆಲ್ಲ ಮುಗ್ಗರಿಸುತ್ತಾರೆ. ಆದರೂ ಪ್ರತಿ ಸಲ ನನ್ನ ಕಣ್ಣು ಅವಳ ಎಡಗೈಗೇ ಹೋಗುತ್ತದೆ. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ, ಇಷ್ಟು ದಿನ ಯಾರೂ ಕೇಳದ್ದನ್ನು ಕೇಳಿದಳು.

“ಆ ಕಾಯಿಲೆ ನಿನ್ನಿಂದ್ಲೇ ಬಂದಿದ್ದೇನೇ?”

ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದಲೂ ಬರಬಹುದು. ಓದಿಕೊಂಡಿದ್ದೆ, ವಾದ ಸಿದ್ಧವಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಹೂಂ ಅಜ್ಜಿ, ನನ್ನಿಂದಲೇ ಇರಬೇಕು.”

ಅಜ್ಜಿ ಮೊರವನ್ನು ನನ್ನ ಕಡೆ ಸರಿಸಿದಳು. “ಕುತ್ಕ. ಬಿಡಿಸು.”