ಬುತ್ತಿ ತಂದವರ ಹಾಜರಿ

ಇಳಕಲ್ಲಿನಲ್ಲಿ ನನ್ನ ಸೋದರಮಾವನದು ಎಂಟು ಪಾವರ್‌ಲೂಮಿನ ಒಂದು ಶೆಡ್ಡು ಇತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಮಾಮಾ ಅಲ್ಲಿ ಹಾಜರಿ ಪುಸ್ತಕ ಬರೆಯಲು ಕೂಡಿಸಿದ. ಅಕ್ಷರ ದುಂಡಗಿದ್ದದ್ದೊಂದೇ ನನ್ನ ಅರ್ಹತೆ.

ಮಾಮಾನಿಗೆ ಕಾನೂನೆಂದರೆ ಮನೆಗೆ ಬರುವ ಬೀಗರ ಹಾಗೆ. ಬಂದಾಗ ಗಾದಿ ಹಾಸಿ ಚಹಾ ಕೊಡಬೇಕು, ಹೋದ ಮೇಲೆ ಗಾದಿ ಸುತ್ತಿಡಬೇಕು. ಗೋಡೆಗೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊಡೆಸಿದ್ದ. ಅದರೊಳಗೆ ಕರ್ಪೂರ, ಊದಿನಕಡ್ಡಿ ಇರುತ್ತಿದ್ದವು. ಕೆಟ್ಟವನೇನಲ್ಲ, ಯಾರಿಗಾದರೂ ಜ್ವರ ಬಂದರೆ ತಾನೇ ಗಾಡಿಯಲ್ಲಿ ದವಾಖಾನೆಗೆ ಒಯ್ಯುತ್ತಿದ್ದ. ಆದರೆ ಅದನ್ನು ಧರ್ಮ ಅಂತ ಮಾಡುತ್ತಿದ್ದ, ಕರ್ತವ್ಯ ಅಂದರೆ ಸಿಟ್ಟಾಗುತ್ತಿದ್ದ.

ಪುಸ್ತಕದಲ್ಲಿ ಎಂಟು ಗಂಡಸರ ಹೆಸರು ಮಾತ್ರ. ಅವರ ಹೆಂಡಂದಿರೂ ಅಲ್ಲೇ ದುಡಿಯುತ್ತಿದ್ದರು. ಗಂಡ ಮಗ್ಗ ನಡೆಸಿದರೆ ಹೆಂಡತಿ ಅವನ ಲಾಳಿಗೆ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತುವುದು, ಇಬ್ಬರ ಪಗಾರವೂ ಗಂಡನ ಕೈಗೆ ಬರುವುದು, ನಮ್ಮ ಕಡೆ ನಡೆದುಬಂದದ್ದೇ ಹಾಗೆ. ನನಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ.

ಕಂಡದ್ದು ಆ ಹೆಂಗಸರಲ್ಲೊಬ್ಬ ಅಕ್ಕನಿಗೆ. ನಲವತ್ತರ ಆಸುಪಾಸು, ಮಾತಿಗೆ ನಿಂತರೆ ಮಗ್ಗದ ಸದ್ದೂ ಸೋಲಬೇಕು. ಪಕ್ಕದ ಓಣಿಯ ಶೆಡ್ಡಿನಲ್ಲಿ ಒಬ್ಬಾಕೆಯ ಬೆರಳು ಕಂಡಿಕೆ ಮಷೀನಿನ ಬೆಲ್ಟಿಗೆ ಸಿಕ್ಕು ತುಂಡಾಗಿತ್ತು. ಪರಿಹಾರ ಕೇಳಲು ಹೋದರೆ ಅಲ್ಲಿಯ ಸಾವಕಾರ, ‘ಈಕಿ ನಮ್ಮ ಕೆಲಸದಾಕಿ ಅಲ್ಲ, ಪುಸ್ತಕ ನೋಡ್ರಿ’ ಅಂದುಬಿಟ್ಟಿದ್ದ. ನಮ್ಮ ಮಷೀನುಗಳ ಬೆಲ್ಟಿಗೂ ಕೈ ಸಿಗದಂತೆ ತಡೆಯುವ ಜಾಳಿಗೆ ಇರಲಿಲ್ಲ. ಅಂದಿನಿಂದ ಈ ಅಕ್ಕ ದಿನಾ ಬೆಳಿಗ್ಗೆ ನನ್ನ ಮೇಜಿನ ಮುಂದೆ ನಿಲ್ಲುತ್ತಿದ್ದಳು.

“ನನ್ನ ಹೆಸರ ಬರದಿಯೇನ ತಂಗಿ?”

“ಮಾಮಾನ್ನ ಕೇಳ್ತೇನ್ರಿ ಅಕ್ಕಾ.”

ಕೇಳಿದರೆ ಮಾಮಾ ಕ್ಯಾಲೆಂಡರಿನ ಕಡೆ ಮುಖ ತಿರುವುತ್ತಿದ್ದ.

ಒಂದು ದಿನ ಫೋನು ಬಂತು. ತಪಾಸಣೆಗೆ ಲೇಬರ್ ಸಾಹೇಬರು ಹುನಗುಂದ ಬಿಟ್ಟು ಇತ್ತ ಹೊರಟಿದ್ದಾರೆ. ಮಾಮಾ ಮೊದಲು ಪೆಟ್ಟಿಗೆಯಿಂದ ಕರ್ಪೂರ ತೆಗೆದು ಹತ್ತಿ ತುಂಬಿಸಿದ. ಆಮೇಲೆ ಹೆಂಗಸರನ್ನು ಕರೆದು, “ಯಾರರೆ ಕೇಳಿದ್ರ ಗಂಡಗ ಬುತ್ತಿ ತಂದೇನಿ ಅನ್ರಿ, ಅಷ್ಟ” ಅಂದ. ಎಂಟು ಜನ ಎಂಟು ಬುತ್ತಿಗಂಟು ಹಿಡಿದು ಸಾಲಾಗಿ ಕುಳಿತರು. ನೋಡಿದರೆ ಮಹಾಕೂಟದ ಯಾತ್ರೆಗೆ ಹೊರಟು ಬಸ್ಸಿಗೆ ಕಾದಂತಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಸಾಹೇಬರು ಬಂದರು, ಚಹಾ ಕುಡಿದರು, ಪುಸ್ತಕ ತಿರುವಿದರು. ಹೊರಡುವಾಗ ಅಕ್ಕನ ಮುಂದೆ ನಿಂತು, “ನೀವ್ಯಾಕ ಕುಂತೀರಿ ತಾಯಿ?” ಅಂದರು.

“ಗಂಡಗ ಬುತ್ತಿ ತಂದೇನ್ರಿ.”

“ಯಾರ ನಿಮ್ಮ ಗಂಡ? ಹೆಸರೇನು?”

ಮಾಮಾ ಯೋಚಿಸದೇ ಇದ್ದದ್ದು ಇದೊಂದೇ. ನಮ್ಮ ಕಡೆಯ ಗೃಹಿಣಿ ಗಂಡನ ಹೆಸರನ್ನು ಸುಮ್ಮನೆ ಹೇಳುತ್ತಾಳೆಯೆ? ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಪೋಣಿಸಿಯೇ ಹೇಳಬೇಕು. ಅಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಹನ್ನೆರಡ ವರ್ಷಾತು ಈ ಮಷೀನಿಗೆ ಕುಂತು,
ಕಂಡಿಕಿ ಸುತ್ತಿ ಸುತ್ತಿ ಬೆರಳಿಗೆ ಬ್ಯಾಸರಾ ಬಂತು,
ಎದುರಿನ ಮಗ್ಗ ನಡಸ್ತಾರ ನೋಡ್ರಿ ಅಲ್ಲೇ ನಿಂತು…”

ಹೀಗೆಂದು ಗಂಡನ ಹೆಸರು ಹೇಳಿ ಕುಳಿತಳು. ಆ ಗಂಡ ಮಗ್ಗದ ಹಿಂದೆ ತಲೆ ಮರೆಸಿಕೊಂಡ. ಬಾಯಿ ತಪ್ಪಿ ಬಂದದ್ದೋ, ತಿಂಗಳಿಂದ ಕಟ್ಟಿಟ್ಟುಕೊಂಡದ್ದೋ, ನಾನು ಎಂದೂ ಕೇಳಲಿಲ್ಲ.

ಸಾಹೇಬರು ನಗುತ್ತಲೇ ಕುರ್ಚಿಗೆ ಮರಳಿದರು. “ಸಾವಕಾರ್ರ, ಹನ್ನೆರಡ ವರ್ಷದಾಕಿ ಈ ಪುಸ್ತಕದಾಗ ಎಲ್ಲಿದಾಳ?”

“ಹುಡುಗಿ ಬರಿಯೂದು ಮರ್ತಾಳ್ರಿ” ಅಂದ ಮಾಮಾ, ನನ್ನ ಕಡೆ ಬೆರಳು ಮಾಡಿ. ನನಗೆ ಮೈಯೆಲ್ಲ ಉರಿಯಿತು.

“ಎಂಟೂ ಮಂದಿ ಹೆಸರ ಬರಸ್ರಿ. ಪಗಾರ ಅವರವರ ಕೈಯಾಗ ಕೊಡ್ರಿ. ಬೆಲ್ಟಿಗೆ ಜಾಳಿಗಿ ಹಾಕಸ್ರಿ. ಮುಂದಿನ ತಿಂಗಳ ಮತ್ತ ಬರ್ತೇನಿ” ಎಂದು ಹೇಳಿ ಸಾಹೇಬರು ಹೋದರು.

ಅವತ್ತೇ ಎಂಟು ಹೆಸರು ದುಂಡಗೆ ಬರೆದೆ. ಅಕ್ಕ ನಾಲ್ಕನೆಯ ಇಯತ್ತೆವರೆಗೆ ಸಾಲಿ ಕಲಿತವಳು. ತನ್ನ ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಆ ಬೆರಳು ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ದಾಟುತ್ತ ಬಂತು.

“ಎಲ್ಲಾರದೂ ಐತಿ. ನಿಂದ ಎಲ್ಲೈತಿ ತಂಗಿ?”

ಎರಡು ವರ್ಷದಿಂದ ಆ ಪುಸ್ತಕ ಬರೆಯುತ್ತಿದ್ದವಳು ನಾನೇ. ದಸರೆಗೆ ಒಂದು ಸೀರೆ ಬಿಟ್ಟರೆ ಪಗಾರ ಅಂತ ಏನೂ ಕಂಡಿರಲಿಲ್ಲ.

“ನಾ ಮನಿ ಹುಡುಗಿ ಅಲ್ಲೇನ್ರಿ ಅಕ್ಕಾ” ಅಂದೆ.

“ನಾನೂ ಇವತ್ತ ಮುಂಜಾನಿತನಕಾ ಬುತ್ತಿ ತಂದಾಕಿನ ಇದ್ದೆ” ಅಂದಳು ಅವಳು.

ಕೆಳಗಿನ ಸಾಲು ಖಾಲಿ ಇತ್ತು. ಮಾಮಾನನ್ನು ಕೇಳದೆ ನನ್ನ ಹೆಸರು ಬರೆದೆ. ಆ ಒಂದು ಸಾಲಿನಲ್ಲಿ ಮಾತ್ರ ಅಕ್ಷರ ಸೊಟ್ಟಗೆ ಬಂತು.